ನಾಯಿಯ ಮೇಲೆ ದೂರು ಹೊರಿಸುವ ಮುಂಚೆ

ಹಿರಿಯಡ್ಕ,
ಆಟಿ ತಿಂಗಳ ಒಂದು ರಾತ್ರಿ

ಪ್ರಿಯ ಗೆಳೆಯ,

ನಿನ್ನೆ ನಿನ್ನ ಫೋನು ಬಂದಾಗ ಇಲ್ಲಿ ಗಾಳಿಮಳೆ. ಹತ್ತು ದಿನಗಳಲ್ಲಿ ನಾಲ್ಕು ಹೇಂಟೆ ಹೋದ ಸಂಕಟ, ಪಕ್ಕದ ಮನೆಯ ನಾಯಿಯ ಮೇಲಿನ ಸಿಟ್ಟು, ಅವರು ಗೇಟಿನ ಬದಿಗೆ ಸುರಿಸಿದ ಹೊಯಿಗೆ (ಮರಳು) ರಾಶಿಯಿಂದ ನಿನ್ನ ಕಾರು ತಿರುಗಿಸಲಾಗದ ಕಿರಿಕಿರಿ, ಎಲ್ಲವನ್ನೂ ನೀನು ಒಂದೇ ಉಸಿರಿನಲ್ಲಿ ಹೇಳಿದೆ. "ನಾಡಿದ್ದು ಭಾನುವಾರ, ಹೋಗಿ ನಾಲ್ಕು ಮಾತು ಕೇಳಿಯೇ ಬರುತ್ತೇನೆ" ಎಂದೆ. ನಾನು "ತಡೆ ಮಾರಾಯ" ಎನ್ನುವಷ್ಟರಲ್ಲಿ ಲೈನು ಕಡಿಯಿತು. ಆಮೇಲೆ ಕರೆಂಟೂ ಇಲ್ಲ, ಟವರೂ ಇಲ್ಲ. ಹಾಗಾಗಿ ಈ ಕಾಗದ. ನಮ್ಮ ಹಾಗೆ ತಲೆ ನರೆತ ಮೇಲೆ ಊರಿಗೆ ಮರಳಿ, ಹಿತ್ತಿಲಲ್ಲಿ ನಾಲ್ಕು ಊರಿನ ಕೋಳಿ ಕಟ್ಟಿಕೊಂಡು ಕಂಗಾಲಾದವರು ಬೇರೆಯವರೂ ಇದ್ದಾರೆ. ಅವರ ಕಣ್ಣಿಗೂ ಬೀಳಲಿ ಎಂದು ಎಲ್ಲರೂ ಓದುವ ಕಡೆಯೇ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ನಾಯಿಯ ವಿಷಯದಲ್ಲಿ ನಿನಗಿಂತ ಮೊದಲು ಮೂರ್ಖನಾದವನು ನಾನು. ಮೂರು ವರ್ಷದ ಹಿಂದೆ, ಇದೇ ಆಟಿಯಲ್ಲಿ, ನನ್ನ ಎಂಟು ಕೋಳಿಗಳಲ್ಲಿ ವಾರಕ್ಕೊಂದರಂತೆ ಮೂರು ಕಾಣೆಯಾದವು. ಗರಿಯಿಲ್ಲ, ರಕ್ತವಿಲ್ಲ, ರಾತ್ರಿ ಸದ್ದೂ ಇಲ್ಲ. ಕೆಳಮನೆಯ ಕೆಂಪು ನಾಯಿ ಸಂಜೆಯ ಹೊತ್ತು ನಮ್ಮ ಹಟ್ಟಿಯ ಹಿಂದೆ ಸುಳಿಯುವುದನ್ನು ಎರಡು ಸಲ ಕಂಡಿದ್ದೆ. ನನ್ನ ಬಳಿ ಇದ್ದ ಸಾಕ್ಷಿ ಅಷ್ಟೇ. ಅವರ ಅಂಗಳದಲ್ಲಿ ನಿಂತು ಕೂಗಾಡಿ ಬಂದೆ. ಅವರು ಎದುರು ಮಾತನಾಡಲಿಲ್ಲ, ನಾಯಿಯನ್ನು ಕಟ್ಟಿಹಾಕಿದರು. ಪ್ರತಿ ವರ್ಷ ನಾಗರ ಪಂಚಮಿಗೆ ಅವರ ಮನೆಯಿಂದ ಬರುತ್ತಿದ್ದ ಅರಶಿನ ಎಲೆಯ ಕಡುಬು ಆ ವರ್ಷ ಬರಲಿಲ್ಲ. ನಾನು ಇತ್ತ ಗೂಡಿಗೆ ಹೊಸ ಚಿಲಕ ಹಾಕಿಸಿದೆ. ಅದುವರೆಗೆ ಬಾಗಿಲಿಗೆ ಒಂದು ಮುರಕಲ್ಲು ಒರಗಿಸುವುದು ನಮ್ಮ ಪದ್ಧತಿ. ಮಳೆ ಜೋರಾಗಿದ್ದರೆ ಅದೂ ಇಲ್ಲ.

ಪಂಚಮಿ ಕಳೆದ ನಾಲ್ಕನೆಯ ಬೆಳಿಗ್ಗೆ ಟಾರ್ಚು ಹಿಡಿದು ಚಿಲಕ ತೆಗೆದೆ. ಕೋಳಿಗಳೆಲ್ಲ ಮೇಲಿನ ಕೋಲಿನ ಒಂದೇ ತುದಿಗೆ ಒತ್ತಿಕೊಂಡು ಕುಳಿತಿದ್ದವು. ಕೆಳಗಿನ ಮೂಲೆಯಲ್ಲಿ, ನಾನು ಹಳೆಯ ಗೋಣಿಚೀಲ ಎಂದುಕೊಂಡದ್ದು, ಮೆಲ್ಲಗೆ ಉಸಿರಾಡುತ್ತಿತ್ತು. ಹೆಬ್ಬಾವು. ಏಳೆಂಟು ಅಡಿ, ನಡುವಿನಲ್ಲಿ ತೆಂಗಿನಕಾಯಿ ನುಂಗಿದಂತೆ ಉಬ್ಬು. ಗೂಡಿನ ಬುಡದಲ್ಲಿ ಒಂದು ಅಡಿಕೆ ಮರದ ದಬ್ಬೆ ಕೊಳೆತು ಮುರಿದಿತ್ತು. ಒಳಗೆ ಬರುವಾಗ ಆ ಸಂದು ಸಾಕಾಗಿತ್ತು. ಉಂಡ ಮೇಲೆ ಸಾಕಾಗಲಿಲ್ಲ. ಹಿಂದಿನ ಮೂರು ಸಲ ತೆರೆದ ಬಾಗಿಲಿನಿಂದ ನಿಧಾನವಾಗಿ ಹಾಡಿಯ, ಅಂದರೆ ಕಾಡಿನ, ಕಡೆಗೆ ಇಳಿದು ಹೋಗಿರಬೇಕು. ನಾಯಿಗೆಂದು ಹಾಕಿಸಿದ ಚಿಲಕವೇ ನಾಯಿಯನ್ನು ನಿರಪರಾಧಿ ಮಾಡಿತು.

ಹಾವು ಹಿಡಿಯುವವರು ಬಂದು ಬಾಲ ಹಿಡಿದು ಎಳೆದಾಗ ಅದು ಬಾಯಿ ಅಗಲಿಸಿ ನುಂಗಿದ್ದನ್ನು ಕಕ್ಕಿತು. ಹೆದರಿದರೆ ಮೈ ಹಗುರ ಮಾಡಿಕೊಂಡು ಓಡಲು ಅದು ಹೀಗೆ ಮಾಡುತ್ತದಂತೆ. ನನ್ನ ಕರಿ ಹೇಂಟೆ ಲೋಳೆಯಲ್ಲಿ ಮಿಂದು, ಅರ್ಧಕ್ಕೆ ಅರ್ಧ ಸಣ್ಣದಾಗಿ, ಸೆಗಣಿ ಸಾರಿಸಿದ ನೆಲದ ಮೇಲೆ ಬಿದ್ದಿತ್ತು. ವಾರಕ್ಕೊಂದು ಎಂಬ ಲೆಕ್ಕದಲ್ಲೇ ನನಗೆ ಗೊತ್ತಾಗಬೇಕಿತ್ತು. ನಾಯಿಗೆ ರುಚಿ ಹತ್ತಿದರೆ ಮರುದಿನವೇ ಬರುತ್ತದೆ. ಹೆಬ್ಬಾವು ಒಮ್ಮೆ ಉಂಡರೆ ದಿನಗಟ್ಟಲೆ ಮಲಗುತ್ತದೆ.

ಆರು ಮೊಟ್ಟೆ ಕಟ್ಟಿಕೊಂಡು ಕೆಳಮನೆಗೆ ಹೋದೆ. ಅಲ್ಲಿಯ ಅಜ್ಜಿ ನನ್ನ ಮಾತನ್ನು ಪೂರ್ತಿ ಕೇಳಿ, ತುಳುವಿನಲ್ಲಿ ಒಂದೇ ಮಾತು ಹೇಳಿದರು: "ಒಂದು ಮೊಟ್ಟೆ ನಾಯಿಗೂ ಕೊಡಿ." ನನ್ನ ಕೈಯಿಂದಲೇ ಒಡೆಸಿ ಅದರ ತಟ್ಟೆಗೆ ಹಾಕಿಸಿದರು.

ಈಗ ನಿನ್ನ ಕೋಳಿಗಳ ವಿಚಾರ. ನೀನು ಸಿಟ್ಟಿನ ನಡುವೆ ಹೇಳಿದ್ದನ್ನು ಬಿಡಿಸಿ ಬರೆದುಕೊಂಡಿದ್ದೇನೆ. ಒಂದು ಹೇಂಟೆ ಬೆಳಿಗ್ಗೆ ನೋಡುವಾಗ ಗೂಡಿನೊಳಗೇ ಜಾಲರಿಗೆ ಒತ್ತಿಕೊಂಡು ಸತ್ತಿತ್ತು, ತಲೆ ಇರಲಿಲ್ಲ. ಇನ್ನೆರಡು ಮಧ್ಯಾಹ್ನ ನೀವು ಊಟಕ್ಕೆ ಕುಳಿತಾಗ ದಾಸವಾಳದ ಬುಡದಲ್ಲಿ ಕುತ್ತಿಗೆ ಕಚ್ಚಿಸಿಕೊಂಡು ಬಿದ್ದಿದ್ದವು. ನಾಲ್ಕನೆಯದರ ಸುಳಿವೇ ಇಲ್ಲ. ಇದರಲ್ಲಿ ನಾಯಿ ಎಲ್ಲಿದೆ? ನಾಯಿ ನುಗ್ಗಿದರೆ ಗೂಡು ಮುರಿಯುತ್ತದೆ, ಅಂಗಳ ತುಂಬಾ ಗರಿ ಹಾರುತ್ತದೆ, ತಿನ್ನುವುದಕ್ಕಿಂತ ಹೆಚ್ಚು ಕೊಂದು ಬಿಟ್ಟು ಹೋಗುತ್ತದೆ.

ತಲೆಯಿಲ್ಲದ್ದು ರಾತ್ರಿಯ ಕೆಲಸ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಕಾಲ ಬಳಿ ಏನಾದರೂ ಸರಿದರೆ ಗಾಬರಿಯಲ್ಲಿ ಜಾಲರಿಗೇ ಹೋಗಿ ಅಂಟಿಕೊಳ್ಳುತ್ತದೆ. ಹೊರಗೆ ನಿಂತ ಕಾಡುಬೆಕ್ಕೋ ಪುನುಗು ಬೆಕ್ಕೋ ಸಿಕ್ಕಷ್ಟನ್ನು ಎಳೆದುಕೊಳ್ಳುತ್ತದೆ. ನಿನ್ನ ಪಾಗಾರದ (ಕಾಂಪೌಂಡು ಗೋಡೆಯ) ಮೇಲೆ ಬೀಜ ತುಂಬಿದ ಹಿಕ್ಕೆ ಇದೆಯೇ ನೋಡು. ಬೈನೆ ಹಣ್ಣು, ಪೇರಳೆ ತಿಂದು ಬೀಜ ಸಮೇತ ಒಂದೇ ಜಾಗದಲ್ಲಿ ಹಾಕುವುದು ಮರದ ಮೇಲೆ ತಿರುಗುವ ಪುನುಗಿನ ಅಭ್ಯಾಸ. ಹಣ್ಣು ತಿನ್ನುವ ಸಾಧು ಎಂದುಕೊಳ್ಳಬೇಡ, ಅದಕ್ಕೆ ಕೋಳಿಯೂ ಆಗುತ್ತದೆ.

ಮಧ್ಯಾಹ್ನದ ಎರಡು ಮುಂಗುಸಿಯದು. ಅದು ಹಗಲಿನ ಕಳ್ಳ. ಸಿಕ್ಕಿದ್ದು ಕುತ್ತಿಗೆ, ಒಂದಾದ ಮೇಲೆ ಇನ್ನೊಂದು. ರಕ್ತ ಹೀರುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಗಾಯ ಸಣ್ಣದು, ಮೈ ಹಾಗೆಯೇ ಉಳಿದಿರುತ್ತದೆ, ಅದಕ್ಕೆ ಹಾಗೆ ಕಾಣುತ್ತದೆ, ಅಷ್ಟೇ.

ಇನ್ನು ಸುಳಿವಿಲ್ಲದ ನಾಲ್ಕನೆಯದು. ಅದು ಸತ್ತಿದೆ ಎಂದು ನಿನಗೆ ಹೇಳಿದವರು ಯಾರು? ಹಿಂದಿನ ವಾರದಿಂದ ಅದು ಗೂಡಿನಲ್ಲಿ ಮೊಟ್ಟೆ ಇಡುತ್ತಿಲ್ಲ ಎಂದು ನೀನೇ ಹೇಳಿದ್ದೆ. ಊರಿನ ಕೋಳಿಗೆ ಗೂಡಿನ ಮೇಲೆ ನಂಬಿಕೆ ಹೋದರೆ ಕೆಸುವಿನ ಹಿಂಡಿನೊಳಗೋ ತೆಂಗಿನ ಮಡಲಿನ ರಾಶಿಯಡಿಯೋ ಗುಟ್ಟಾಗಿ ಇಟ್ಟು ಕಾವಿಗೆ ಕೂರುತ್ತದೆ. 21 ದಿನ. ದಿನಕ್ಕೊಂದು ಸಲ ಎದ್ದು, ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು ಮತ್ತೆ ಮಾಯ. ಮೆಲ್ಲಗೆ ಹುಡುಕು. ಸಿಕ್ಕಿದರೆ ಕತ್ತಲಾದ ಮೇಲೆ ಮೊಟ್ಟೆ ಸಮೇತ ಬುಟ್ಟಿಯಲ್ಲಿಟ್ಟು ಒಳಗೆ ತಾ. ನೆಲದಲ್ಲಿ ಕಾವಿಗೆ ಕೂತ ಹೇಂಟೆಯಷ್ಟು ಸುಲಭದ ಬೇಟೆ ಬೇರೆ ಇಲ್ಲ. ಉಡಕ್ಕೂ ನಾಗರಕ್ಕೂ ಮೊಟ್ಟೆಯ ಆಸೆ. ಹಾವು ಇಡಿಯಾಗಿ ನುಂಗುವುದರಿಂದ ಚಿಪ್ಪು ಸಿಗುವುದಿಲ್ಲ. ತೂತು ಬಿದ್ದ ಚಿಪ್ಪು ಸಿಕ್ಕಿದರೆ ಕಾಗೆಯನ್ನು ಕೇಳು.

ಇನ್ನೊಂದು ಜಾತಿ ಇದೆ, ಎರಡು ಕಾಲಿನದು. ಕೋಳಿ ಅಂಕದ, ಅಂದರೆ ಹುಂಜದ ಕಾಳಗದ, ಸಮಯದಲ್ಲಿ ಹೇಂಟೆಗಳೆಲ್ಲ ಕ್ಷೇಮವಾಗಿದ್ದು ಒಳ್ಳೆಯ ಹುಂಜ ಮಾತ್ರ ಕಾಣೆಯಾದರೆ ಹಾಡಿಯ ಕಡೆ ಹುಡುಕಲು ಹೋಗಬೇಡ.

ಇಷ್ಟೆಲ್ಲ ಬರೆದದ್ದು ಊಹೆ. ಊಹೆಯಿಂದಲೇ ನಾನು ಹಿಂದೊಮ್ಮೆ ಕೆಟ್ಟಿದ್ದೇನೆ. ಹಾಗಾಗಿ ಹೊಯಿಗೆ ಹಾಕು. ಗೂಡಿನ ಸುತ್ತ, ಮಾಡಿನ (ಸೂರಿನ) ನೀರು ಬೀಳದ ಜಾಗದಲ್ಲಿ, ಸಾರಣಿಸಿದ ಸಣ್ಣ ಹೊಯಿಗೆಯನ್ನು ಎರಡು ಬೆರಳು ದಪ್ಪ ಹಾಸಿ ಹಲಗೆಯಿಂದ ಎಳೆದು ಸಮ ಮಾಡು. ಬೆಳಿಗ್ಗೆ ಕೋಳಿ ಬಿಡುವ ಮುಂಚೆ ಕೂತು ನೋಡು. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕಿ ಇದ್ದರೆ ನಾಯಿ. ನಾಲ್ಕೇ ಬೆರಳು, ಉಗುರಿಲ್ಲದಿದ್ದರೆ ಬೆಕ್ಕು. ನಡೆಯುವಾಗ ಅದು ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ. ಐದು ಬೆರಳು ಮೂಡಿದ್ದರೆ ಪುನುಗು ಅಥವಾ ಮುಂಗುಸಿ. ರಾತ್ರಿ ಬಂದದ್ದೋ ಹಗಲು ಬಂದದ್ದೋ ಎಂಬುದರ ಮೇಲೆ ನೀನೇ ತೀರ್ಮಾನಿಸು. ಹಗ್ಗ ಎಳೆದಂತಿದ್ದರೆ ನನಗೆ ಫೋನು ಮಾಡು. ಮೂರು ಬೆಳಿಗ್ಗೆ ಸಾಕು.

ಕಳ್ಳ ಯಾರೇ ಇರಲಿ, ಆ ಗೂಡಂತೂ ಆಗುವುದಿಲ್ಲ. ಪೇಟೆಯಿಂದ ತಂದ ಆರು ಮೂಲೆಯ ಸಪೂರ ಜಾಲರಿ ಕೋಳಿಯನ್ನು ಒಳಗಿಡುವುದಕ್ಕೆ ಮಾಡಿದ್ದು, ಹೊರಗಿನವರನ್ನು ತಡೆಯುವುದಕ್ಕಲ್ಲ. ನಾಯಿ ಹಲ್ಲಿನಲ್ಲಿ ಹರಿಯುತ್ತದೆ, ಕೇರೆ ಹಾವು ಕಣ್ಣಿನೊಳಗೆ ತೂರಿ ಬರುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತೆಗೆದುಕೋ, ದಪ್ಪ ತಂತಿಯದು. ನಮ್ಮ ಉಪ್ಪುಗಾಳಿಗೂ ನಾಲ್ಕು ಸಾವಿರ ಮಿಲಿಮೀಟರ್ ಮಳೆಗೂ ಕಬ್ಬಿಣ ಎರಡೇ ವರ್ಷದಲ್ಲಿ ಪುಡಿಯಾಗುತ್ತದೆ. ಸತು ಲೇಪಿಸಿದ್ದನ್ನೇ ಕೇಳು, ಬೆಲೆ ಕೇಳಿ ಬೈದುಕೊಂಡರೂ ತೆಗೆದುಕೋ. ಗೋಡೆಯ ಬುಡದಿಂದ ಹೊರಗೆ ಒಂದು ಅಡಿ ಅಗಲ ಅದೇ ಮೆಶ್ಶನ್ನು ಮಣ್ಣಿನಡಿ ಮಲಗಿಸು. ಹೆಗ್ಗಣವೋ ನಾಯಿಯೋ ಗೋಡೆಗೆ ತಾಗಿಯೇ ಕೆರೆಯಲು ಶುರುಮಾಡುತ್ತವೆ. ಕಾಲಿಗೆ ತಂತಿ ಸಿಕ್ಕಿದರೆ ಹಿಂದೆ ಸರಿದು ಕೆರೆಯುವ ಬುದ್ಧಿ ಅವಕ್ಕಿಲ್ಲ.

ಎಲ್ಲರೂ ಮರೆಯುವುದು ಮಾಡನ್ನು. ಮಂಗಳೂರು ಹಂಚು ಎಷ್ಟೇ ಚೆಂದವಿದ್ದರೂ ಪುನುಗಿಗೆ ಅದು ಮುಚ್ಚಳವಿದ್ದ ಹಾಗೆ, ಮೂತಿ ಹಾಕಿ ಎತ್ತಿ ಇಳಿಯುತ್ತದೆ. ಹಂಚಿನಡಿಯಲ್ಲೂ ಮೆಶ್ ಹೊಡೆಸು. ಕೋಳಿ ಕೂರುವ ಕೋಲು ಗೋಡೆಯಿಂದ ಒಂದೂವರೆ ಅಡಿಯಾದರೂ ಒಳಗಿರಲಿ, ಹೊರಗಿನ ಕೈ ಮುಟ್ಟಬಾರದು. ಹಾಗೆಂದು ಗಾಳಿಯಾಡದಂತೆ ತಗಡು ಬಡಿಸಬೇಡ. ಈ ಥಂಡಿಯಲ್ಲಿ ಒದ್ದೆ ಗೂಡು ರಕ್ತಭೇದಿ ತರುತ್ತದೆ. ಒಟ್ಟೊಟ್ಟಿಗೆ ತೂಕಡಿಸಿ ಸಾಯಲು ಶುರುವಾದರೆ ಅದು ಯಾವ ಪ್ರಾಣಿಯದೂ ಅಲ್ಲ, ಕೊಕ್ಕರೆ ರೋಗ (ರಾಣಿಖೇತ್). ಲಸಿಕೆಗೆ ಪಶು ಆಸ್ಪತ್ರೆಗೆ ಮೊದಲೇ ಹೋಗಿ ಬಾ.

ರಾತ್ರಿ ಅಂಗಳದಲ್ಲಿ ಅನ್ನ ಚೆಲ್ಲಿ ಬಿಡುವ ಅಭ್ಯಾಸ ನಿಲ್ಲಿಸು. ಕುಚ್ಚಲಕ್ಕಿ ಅನ್ನಕ್ಕೆ ಹೆಗ್ಗಣ ಬರುತ್ತದೆ, ಹೆಗ್ಗಣಕ್ಕೆ ಕೇರೆ ಬರುತ್ತದೆ, ನಾಗರ ಬರುತ್ತದೆ. ಕೋಳಿಯ ಮೊಟ್ಟೆ ಅವಕ್ಕೆ ಊಟದ ಮೇಲಿನ ಪಾಯಸ.

ಮರಿಗಳ ಕಥೆಯೇ ಬೇರೆ. ಗಿಡುಗ, ಕಾಗೆ, ಕೆಂಬೂತ ಎಲ್ಲಕ್ಕೂ ಅವು ಬೇಕು. ನನ್ನ ಅತ್ತೆ ಮರಿಗಳಿಗೆ ಗುಲಾಬಿ ಬಣ್ಣ ಹಚ್ಚುತ್ತಿದ್ದರು, ಹದ್ದಿಗೆ ಗುರುತು ಸಿಗಬಾರದೆಂದು. ಹದ್ದಿಗೆ ಗುರುತು ಸಿಗದೆ ಹೋಯಿತೋ ಇಲ್ಲವೋ, ನಮಗಂತೂ ಹುಲ್ಲಿನ ನಡುವೆ ಎಣಿಸಲು ಸುಲಭವಾಯಿತು. ಐದಾರು ವಾರ ತಾಯಿಯೊಂದಿಗೆ ಮೆಶ್ಶಿನ ಅಂಕಣದಲ್ಲೇ ಇಡು. ಹುಂಜ ಒಂದಿರಲಿ. ನೆಲದ ಶತ್ರುವಿಗೆ ಅದು ಕೊಕ್ಕೊಕ್ಕೊ ಎಂದು ಬಿಡದೆ ಬೈಯುತ್ತದೆ. ಆಕಾಶದಲ್ಲಿ ನೆರಳು ಕಂಡರೆ ಒಂದೇ ಒಂದು ಎಳೆದ ಕೀರಲು ಸ್ವರ, ಮರುಕ್ಷಣ ಅಂಗಳ ಖಾಲಿ. ಓಡಿ ಅಡಗಲು ಪೊದೆ ಬೇಕು. ನೀನು ಚೊಕ್ಕ ಮಾಡಿಸಿದ ಆ ಬೋಳು ಹಿತ್ತಿಲಿನಲ್ಲಿ ಅಡಗುವುದಾದರೂ ಎಲ್ಲಿ?

ಮಲ್ಪೆಯಲ್ಲಿ ಹಳೆಯ ಮೀನುಬಲೆ ಸಿಗುತ್ತದೆ, ಮೇಲೆ ಚಪ್ಪರದಂತೆ ಕಟ್ಟಬಹುದು, ಗಿಡುಗ ಇಳಿಯುವುದಿಲ್ಲ. ಆದರೆ ಬಿಗಿಯಾಗಿ ಎಳೆದು ಕಟ್ಟು, ತುದಿ ನೆಲಕ್ಕೆ ಬೀಳಬಾರದು. ನನ್ನದು ಜೋತು ಬಿದ್ದು ಒಂದು ಕೇರೆ ಸಿಕ್ಕಿಹಾಕಿಕೊಂಡಿತು. ಒದ್ದಾಡಿದಷ್ಟೂ ನೈಲಾನು ಹುರುಪೆಯಡಿ ಇಳಿಯುತ್ತದೆ. ಹೆಂಡತಿ ಒದ್ದೆ ಗೋಣಿ ಹಾಕಿ ತಲೆ ಒತ್ತಿ ಹಿಡಿದಳು, ನಾನು ಹೊಲಿಗೆಯ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ಮುಕ್ಕಾಲು ಗಂಟೆ. ಬಿಟ್ಟ ಮೇಲೆ ಅದು ನೇರ ಕೋಳಿಗೂಡಿನ ಕಡೆಗೇ ಹೋಯಿತು, ಕೃತಜ್ಞತೆ ನೋಡು.

ಉರುಳು ಇಡುವ, ಮೊಟ್ಟೆಯಲ್ಲಿ ವಿಷ ತುಂಬುವ ಸಲಹೆ ಯಾರಾದರೂ ಕೊಟ್ಟರೆ ಚಹಾ ಕೊಟ್ಟು ಕಳುಹಿಸು. ಹೆಬ್ಬಾವು, ಉಡ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಪಂಕ್ತಿಯಲ್ಲಿ. ಉರುಳಿಗೆ ಏನು ಬೀಳುತ್ತದೆ ಎಂಬುದು ಇಟ್ಟವನ ಕೈಯಲ್ಲಿಲ್ಲ. ಹಂದಿಗೆಂದು ಇಟ್ಟದ್ದಕ್ಕೆ ಚಿರತೆ ಬಿದ್ದ ಸುದ್ದಿ ಉಡುಪಿ, ದಕ್ಷಿಣ ಕನ್ನಡ, ನಮ್ಮ ಎರಡೂ ಜಿಲ್ಲೆಗಳಲ್ಲಿ ಆಗಾಗ ಓದುತ್ತೇವೆ. ದೊಡ್ಡ ಹಾವು ಕಂಡರೆ ಬಾಗಿಲು ಹಾಕಿ ಅರಣ್ಯ ಇಲಾಖೆಗೆ ತಿಳಿಸು, ಸಹಾಯವಾಣಿ 1926.

ಇನ್ನು ಉಳಿದದ್ದು ಸಂಜೆಯ ಚಿಲಕ. ಮೋಡದ ದಿನ ಕೋಳಿಗಳು ಐದೂವರೆಗೇ ಗೂಡಿಗೆ ಹತ್ತುತ್ತವೆ. ನೀನು ಏಳಕ್ಕೆ ಟಿವಿ ಮುಗಿಸಿ ಬರುವಷ್ಟರಲ್ಲಿ ಒಂದೂವರೆ ಗಂಟೆ ಬಾಗಿಲು ತೆರೆದೇ ಇರುತ್ತದೆ. ದೀಪ ಹಚ್ಚುವಾಗ ಎಣಿಸಿ ಹಾಕು. ಮದುವೆಗೋ ಬಯಲಾಟಕ್ಕೋ ಹೋಗುವುದಿದ್ದರೆ ಯಾರಿಗಾದರೂ ಹೇಳಿ ಹೋಗು, ಅಂದರೆ ಪಕ್ಕದ ಮನೆಯವರಿಗೇ. ವಾಮಂಜೂರಿನಲ್ಲಿ ನಿನಗೆ ಬೇರೆ ಯಾರಿದ್ದಾರೆ?

ಮೆಶ್ ಹೊಡೆಯಲು ಮುಂದಿನ ಶನಿವಾರ ನಾನೂ ಬರುತ್ತೇನೆ, ಕಟಿಂಗ್ ಪ್ಲೇಯರ್ ನನ್ನಲ್ಲಿದೆ. ಅಷ್ಟರೊಳಗೆ ಆ ಮೂರು ಬೆಳಿಗ್ಗೆಯ ಕೆಲಸ ಮುಗಿಸಿಡು. ಹೊಯಿಗೆಗೆ ಲಾರಿ ತರಿಸಬೇಕಾಗಿಲ್ಲ. ನಾಳೆ ಆ ಮನೆಗೆ ಹೋಗುವುದೇ ಆದರೆ, ಗೇಟಿನ ಬದಿಯ ರಾಶಿಯಿಂದ ಎರಡು ಬುಟ್ಟಿ ಕೊಡುತ್ತಾರೆಯೇ ಎಂದು ಕೇಳಿಕೊಂಡು ಬಾ.

ನಿನ್ನ,
ಹಿರಿಯಡ್ಕದವನು