ಸತ್ತ ಯೋಧನ ಬಾಯಲ್ಲಿ ನಿನ್ನ ಮಾತು ಬೇಡ

ಪ್ರೀತಿಯ ತಮ್ಮಾ,

ನಿನ್ನ ಕವಿತೆ ಓದಿದೆ. ಸಿಯಾಚಿನ್ ಹಿಮದಲ್ಲಿ ತೀರಿಕೊಂಡ ಯೋಧನೇ ಮಾತಾಡುವ ಹಾಗೆ ಬರೆದಿದ್ದೀಯ. "ಅಳಬೇಡ ಅಮ್ಮಾ, ನಾನು ನಗುತ್ತಲೇ ಹೋದೆ" ಅಂತ ಅವನ ಕೈಲಿ ಹೇಳಿಸಿದ್ದೀಯ. ನಿನ್ನ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಸಾಲು ತೆಗೆದುಬಿಡು. ಅವನು ನಗುತ್ತಾ ಹೋದನೋ ಇಲ್ಲವೋ ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಅಳಬೇಡ ಅನ್ನೋಕೆ ನಾವ್ಯಾರು?

ಏನಾಯಿತು ಅನ್ನೋದನ್ನು ಮೊದಲು ತಿಳಿದುಕೋ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಪೋಸ್ಟ್ ಅನ್ನೋ ಸೇನಾ ಕಾವಲು ನೆಲೆಯ ಮೇಲೆ ಹಿಮ ಕುಸಿಯಿತು. ಸುಮಾರು 19,600 ಅಡಿ ಎತ್ತರದ ಜಾಗ. ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅದರಡಿ ಸಿಕ್ಕಿಬಿದ್ದರು, ಮೂವರು ನಮ್ಮ ಕರ್ನಾಟಕದವರು. ಮರುದಿನವೇ ಸಂತಾಪದ ಮಾತುಗಳು ಬಂದವು. ಆರನೇ ದಿನ ಹಿಮ ಕೊರೆದು ನೋಡಿದರೆ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇನ್ನೂ ಉಸಿರಾಡುತ್ತಿದ್ದರು. 11ನೇ ತಾರೀಕು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮನೆಯವರ ಕಡೆಯಿಂದ ಯೋಚಿಸು: ಮೊದಲು ಇಲ್ಲ ಅಂದರು, ಆಮೇಲೆ ಇದ್ದಾರೆ ಅಂದರು, ಊರೆಲ್ಲ ಪೂಜೆ ಮಾಡಿಸಿತು, ಮತ್ತೆ ಇಲ್ಲ ಅಂದರು. ಇದಕ್ಕೆ ಯಾವ ಅಲಂಕಾರ ಬೇಕು ಹೇಳು.

ನಿನ್ನ ಕವಿತೆಯಲ್ಲಿ ಶತ್ರುವಿನ ಗುಂಡು ಬರುತ್ತದೆ. ಅಲ್ಲಿ ಗುಂಡು ಇರಲೇ ಇಲ್ಲ. ನಮ್ಮ ಸೈನ್ಯ 1984ರಿಂದ ಸಿಯಾಚಿನ್‌ನಲ್ಲಿದೆ, ಅಲ್ಲಿ ಗುಂಡಿಗಿಂತ ಜಾಸ್ತಿ ಜನರನ್ನು ಕೊಂದದ್ದು ಚಳಿ, ಹಿಮಕುಸಿತ, ಉಸಿರಿಗೆ ಸಾಲದ ಗಾಳಿ. 2012ರ ಏಪ್ರಿಲ್‌ನಲ್ಲಿ ಆ ಕಡೆಯ ಗಯಾರಿ ಅನ್ನೋ ಸೇನಾ ನೆಲೆಯಲ್ಲಿ ಪಾಕಿಸ್ತಾನದ 140 ಜನ ಹಿಮದಡಿ ಹೋದರು, ದೇಹಗಳನ್ನು ಅಗೆದು ತೆಗೆಯೋಕೆ ತಿಂಗಳುಗಟ್ಟಲೆ ಹಿಡಿಯಿತು. ಇದನ್ನೂ ಬರೆಯೋಕೆ ಹೆದರಬೇಡ. ಅಲ್ಲೂ ಬಾಗಿಲಲ್ಲಿ ಕೂತು ಕಾದವರಿದ್ದರು.

ನಮ್ಮ ಊರೂರಲ್ಲೂ ವೀರಗಲ್ಲುಗಳಿವೆ, ಒಮ್ಮೆ ಹತ್ತಿರ ಹೋಗಿ ನೋಡು. ಬೇಗೂರಿನ ಗುಡಿಯಲ್ಲಿ ಸುಮಾರು 890ರ ಒಂದು ಶಾಸನ ಇದೆ. ಬೆಂಗಳೂರು ಅನ್ನೋ ಹೆಸರು ಮೊದಲು ಕಾಣುವ ಬರಹಗಳಲ್ಲಿ ಅದೂ ಒಂದು ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿರೋದು ಸಾವಿನ ಸುದ್ದಿ. ಯಾರ ಕಡೆಯವನು, ಬೆಂಗಳೂರ ಕಾಳಗ, ಸತ್ತ. ಎಷ್ಟೋ ವೀರಗಲ್ಲುಗಳಲ್ಲಿ ಸತ್ತವನ ಮನೆಯವರಿಗೆ ಎಷ್ಟು ಭೂಮಿ ಬಿಟ್ಟರು ಅನ್ನೋದೂ ಇರುತ್ತದೆ, ನೆತ್ತರುಗೊಡಗೆ ಅಂತ. ಸಾಮಾನ್ಯವಾಗಿ ಕಲ್ಲಿನ ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ, ನಿಜ. ಆದರೂ ಉಳಿದವರ ಹೊಟ್ಟೆಪಾಡನ್ನು ಕಲ್ಲಿನ ಮೇಲೆ ಬರೆಸಿದರಲ್ಲ, ನನಗೆ ಅದು ದೊಡ್ಡದು ಅನಿಸುತ್ತದೆ.

ನೀನೂ ಉಳಿದವರ ಬಗ್ಗೆ ಬರೆ. ಮೊದಲ ದಿನದ ತ್ರಿವರ್ಣ ಧ್ವಜ, ಕುಶಾಲುತೋಪು, ಟಿವಿ ಕ್ಯಾಮೆರಾ, ಮಂತ್ರಿಗಳ ಕಾರು ಎಲ್ಲ ಈಗಾಗಲೇ ಬೇಕಾದಷ್ಟು ಜನ ಬರೆದಾಗಿದೆ. ಎರಡನೇ ವರ್ಷದಲ್ಲಿ ಏನಾಗುತ್ತದೆ? ಪಿಂಚಣಿಯ ಕಾಗದಪತ್ರ ಯಾರು ಓಡಾಡಿ ಮಾಡಿಸಿದರು, ಹೊಲ ಯಾರು ನೋಡಿಕೊಳ್ಳುತ್ತಿದ್ದಾರೆ, ಇನ್ನೂ ಮೂವತ್ತು ದಾಟದ ಹೆಂಡತಿಯನ್ನು ಊರು ಯಾವ ಕಣ್ಣಲ್ಲಿ ನೋಡುತ್ತಿದೆ, ಮಗು ಅಪ್ಪನ ಬಗ್ಗೆ ಏನು ಕೇಳುತ್ತದೆ, ಅದೇ ಓಣಿಯ ಹುಡುಗರು ಈಗಲೂ ಬೆಳಿಗ್ಗೆ ಎದ್ದು ಸೇನಾ ಭರ್ತಿಗೆ ಅಂತ ಓಡುತ್ತಿದ್ದಾರಾ? ಓಡುತ್ತಿದ್ದರೆ ಯಾಕೆ? ಸಂಬಳಕ್ಕಾ, ಹೆಮ್ಮೆಗಾ, ಎರಡಕ್ಕೂನಾ? ಕೇಳು, ಅವರೇ ಹೇಳುತ್ತಾರೆ.

ನನಗೆ ಯುದ್ಧ ಬೇಡ. ಅದನ್ನು ನಿನ್ನ ಹತ್ತಿರ ಮುಚ್ಚಿಡೋದಿಲ್ಲ. ಆದರೆ ಯುದ್ಧ ಬೇಡ ಅಂತ ಹೇಳೋಕೂ ಸತ್ತವನನ್ನು ಮುಂದೆ ನಿಲ್ಲಿಸಬಾರದು. ಅವನು ತನ್ನ ಕೆಲಸವನ್ನು ನಂಬಿದ್ದಿರಬಹುದು. ನಿನ್ನ ಅಭಿಪ್ರಾಯ ಇದ್ದರೆ ನಿನ್ನ ಹೆಸರಲ್ಲೇ ಹೇಳು.

ಆ ಮನೆಗೆ ಹೋಗಬೇಕು ಅನಿಸಿದರೆ ಮೊದಲೇ ಫೋನ್ ಮಾಡಿ ಕೇಳು. ಸುಮ್ನೆ ಹೋಗಿ ಬಾಗಿಲು ತಟ್ಟಬೇಡ. ಬಾ ಅಂದರೆ ಹೋಗು, ಫೋನನ್ನು ಜೇಬಲ್ಲೇ ಇಟ್ಟುಕೋ, ಅವರು ಮಾತಾಡಿದಷ್ಟು ಕೇಳು. ಬೇಡ ಅಂದರೆ ಬಿಟ್ಟುಬಿಡು, ಬೇರೇನಾದರೂ ಬರೆ.

ನಿನ್ನ,
ಅಣ್ಣ