ನಿರಾಸಕ್ತಿಯಲ್ಲ, ಕೇಳುವುದಕ್ಕೆ ಮನುಷ್ಯರಿಲ್ಲ

ಮಾನ್ಯ ಸಂಪಾದಕರೆ,

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಯ ಮಾತು ಮತ್ತೆ ಎದ್ದಿದೆ. ಅದರ ಬೆನ್ನಿಗೇ ‘ಗ್ರಾಮೀಣ ಮತದಾರರಲ್ಲಿ ನಿರಾಸಕ್ತಿ’ ಎಂಬ ಮಾತೂ ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಕೇಳಿಬರುತ್ತಿದೆ. ನಾನು ರಾಯಚೂರು ಜಿಲ್ಲೆ ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಯವನು. ಮೂವತ್ತು ವರ್ಷಕ್ಕೂ ಮಿಕ್ಕಿ ಮಾಸ್ತರಿಕೆ ಮಾಡಿ 2017ರಲ್ಲಿ ನಿವೃತ್ತನಾದೆ. ನಿರಾಸಕ್ತಿ ಎಂಬ ಪದ ನಮ್ಮೂರಿಗೆ ಒಪ್ಪುವುದಿಲ್ಲ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋದವರು ಮತದಾನದ ಹಿಂದಿನ ರಾತ್ರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬೆಳಿಗ್ಗೆ ಸರದಿಯಲ್ಲಿ ಮತ್ತೆ ನಿಂತು, ಸಂಜೆಗೆ ಮರಳಿ ಹೊರಡುವುದನ್ನು ಪ್ರತಿ ಸಲವೂ ನೋಡುತ್ತೇನೆ. (ಆ ಬಸ್ಸಿನ ಬಾಡಿಗೆ ಕೊಟ್ಟವರು ಯಾರು ಎಂದು ಕೇಳಬೇಡಿ. ಒಮ್ಮೊಮ್ಮೆ ಎರಡೂ ಕಡೆಯವರು ಕೊಟ್ಟಿರುತ್ತಾರೆ.) ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೂರು ಕಿಲೋಮೀಟರಿನಷ್ಟು ದೂರದಿಂದ ಬಂದು ಬೆರಳಿಗೆ ಶಾಯಿ ಹಾಕಿಸಿಕೊಳ್ಳುವವಳಿಗೆ ಆಸಕ್ತಿ ಇಲ್ಲ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವಳಿಗೆ ಇರುವುದು ಬೇಸರ. ಆ ಬೇಸರಕ್ಕೆ ಕಾರಣ ಇದೆ, ಲೆಕ್ಕವೂ ಇದೆ.

ನಮ್ಮ ಕ್ಷೇತ್ರದ ಕಥೆ ರಾಜ್ಯಕ್ಕೆಲ್ಲ ಗೊತ್ತಿರುವುದೇ. ಆದರೆ ಇಸವಿ ಹಿಡಿದು ಹೇಳಿದರೆ ಮಾತ್ರ ಅದರ ವಿಚಿತ್ರ ಕಣ್ಣಿಗೆ ಬೀಳುತ್ತದೆ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು 213 ಮತಗಳ ಅಂತರದಿಂದ ಸೋಲಿಸಿದರು. ಇನ್ನೂರ ಹದಿಮೂರು! ನಮ್ಮ ಓಣಿಯ ಎರಡು ಸಾಲು ಮನೆಗಳವರು ಅಂದು ಹತ್ತಿ ಹೊಲಕ್ಕೆ ಹೋಗಿದ್ದರೆ ಫಲಿತಾಂಶವೇ ಬೇರೆ ಆಗುತ್ತಿತ್ತು. ಮುಂದಿನ ವರ್ಷ ಜುಲೈನಲ್ಲಿ ಪಕ್ಷಾಂತರದ ಕಾರಣಕ್ಕೆ ಅನರ್ಹಗೊಂಡ 17 ಶಾಸಕರಲ್ಲಿ ನಮ್ಮವರೂ ಒಬ್ಬರಾದರು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಚುನಾವಣಾ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಇದ್ದುದರಿಂದ ಮಸ್ಕಿ ಉಳಿಯಿತು. ನಮ್ಮ ಸರದಿ ಬಂದದ್ದು 2021ರ ಏಪ್ರಿಲ್ 17ಕ್ಕೆ, ಕೋವಿಡ್ಡಿನ ಎರಡನೇ ಅಲೆ ಏರುತ್ತಿದ್ದಾಗ. ಅಷ್ಟರಲ್ಲಿ ಪಾಟೀಲರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್. ಎದುರಾಳಿಗಳು ಅವರೇ ಇಬ್ಬರು, ಚಿಹ್ನೆ ಮಾತ್ರ ಅದಲುಬದಲು. ‘ಈ ಸಲ ಕೈ ಯಾವ ಗೌಡರದು ಮಾಸ್ತರೇ?’ ಎಂದು ನೆರೆಮನೆಯ ಅಜ್ಜಿ ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೆದ್ದವರು ತುರ್ವಿಹಾಳರು.

ಇಬ್ಬರ ಮೇಲೂ ನನಗೆ ವೈಯಕ್ತಿಕ ಸಿಟ್ಟಿಲ್ಲ. ಸಿಟ್ಟಿರುವುದು ಇಬ್ಬರನ್ನೂ ಹೂಮಾಲೆ ಹಾಕಿ ಬರಮಾಡಿಕೊಂಡ ಪಕ್ಷಗಳ ಮೇಲೆ. ಮೂರು ವರ್ಷದ ಹಿಂದೆ ‘ಇವರಿಗೆ ಮತ ಕೊಟ್ಟರೆ ತಾಲ್ಲೂಕು ಹಾಳಾದೀತು’ ಎಂದು ವೇದಿಕೆಯಲ್ಲಿ ಗುಡುಗಿದ ಪಕ್ಷವೇ ಅವರ ಕೈ ಹಿಡಿದು ಮೇಲೆತ್ತಿ ತೋರಿಸಿತು. ನಡುವೆ 2019ರ ಜುಲೈನಿಂದ 2021ರ ಮೇ ವರೆಗೆ, ಸುಮಾರು 21 ತಿಂಗಳು, ಮಸ್ಕಿಗೆ ಶಾಸಕರೇ ಇರಲಿಲ್ಲ. ಲಾಕ್‌ಡೌನಿನಲ್ಲಿ ಗುಳೆ ಹೋದವರು ನಡೆದುಕೊಂಡು ಊರಿಗೆ ಮರಳಿದ್ದು ಇದೇ ಅವಧಿಯಲ್ಲಿ. ಆಗ ನಮ್ಮ ಪರವಾಗಿ ಸದನದಲ್ಲಿ ಎದ್ದು ನಿಲ್ಲಬೇಕಾದ ಕುರ್ಚಿ ಖಾಲಿ ಇತ್ತು. ಅಶೋಕನ ಹೆಸರು ಹೆಸರಾಗಿಯೇ ಕೆತ್ತಿದ್ದು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಎರಡು ಸಾವಿರ ವರ್ಷ ಅಳಿಸದ ಅಕ್ಷರ ನೋಡಿ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಆ ಮಾತು ಹೇಳಿದರೆ ದೊಡ್ಡ ಹುಡುಗರು ಮುಸಿಮುಸಿ ನಗುತ್ತಾರೆ.

ಮೂರನೆಯವರನ್ನು ನೋಡಿ ಎನ್ನುವವರಿದ್ದಾರೆ. ನೋಡಿದ್ದೇವೆ. ಬಳ್ಳಾರಿಯಲ್ಲಿ 2011ರಲ್ಲಿ ಹುಟ್ಟಿದ ಬಿಎಸ್‌ಆರ್ ಕಾಂಗ್ರೆಸ್ 2014ರಲ್ಲಿ ಬಿಜೆಪಿಯಲ್ಲಿ ಕರಗಿತು. ಪಕ್ಕದ ಗಂಗಾವತಿಯಲ್ಲಿ 2023ರ ಮೇ ತಿಂಗಳಲ್ಲಿ ಗೆದ್ದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 2024ರ ಮಾರ್ಚಿನಲ್ಲಿ ಅಲ್ಲಿಗೇ ಸೇರಿತು. ಒಂದು ವರ್ಷವೂ ತುಂಬಿರಲಿಲ್ಲ. ನೋಟಾ ಇದೆಯಲ್ಲ ಎನ್ನುತ್ತೀರಾ? 2013ರಿಂದ ಇದೆ. ಅದಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಶಾಸಕರು. ಅಭ್ಯರ್ಥಿ ಪಕ್ಷ ಬದಲಿಸಿದರೆ ಅವರಿಗೆ ಸಚಿವಗಿರಿಯ ಆಸೆ ಇರುತ್ತದೆ, ನಾನು ನೋಟಾ ಒತ್ತಿದರೆ ನನಗೆ ಸಿಗುವುದು ಏಳು ಸೆಕೆಂಡು ಕಾಣುವ ಚೀಟಿ.

ಇದೆಲ್ಲ ಹಳೆಯ ಗೋಳು ಎನ್ನಬಹುದು. ನಾನು ಹೇಳಹೊರಟದ್ದು ಇದಕ್ಕಿಂತ ಚಿಕ್ಕದು, ಆದರೆ ದಿನವೂ ಚುಚ್ಚುವಂಥದ್ದು.

ನಮ್ಮ ಓಣಿಯಲ್ಲಿ ಒಬ್ಬಳು ವಿಧವೆ ಇದ್ದಾಳೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿತ್ತು, ಅದರಿಂದಲೇ ಸಂಘದ ಕಂತು ಕಟ್ಟುತ್ತಿದ್ದಳು. ಇಂಥ ಹಣವನ್ನು ಬಿಟ್ಟಿ ಎಂದು ಹೀಯಾಳಿಸುವವರ ಸಾಲಿಗೆ ನಾನು ಸೇರುವುದಿಲ್ಲ. ರೈತರ ಖಾತೆಗೂ ಕೇಂದ್ರದಿಂದ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಒಂದು ತಿಂಗಳು ಅವಳ ಹಣ ನಿಂತಿತು. ಆಧಾರ್‌ನಲ್ಲಿ ‘ಶಿವಮ್ಮ’, ಬ್ಯಾಂಕಿನ ಪುಸ್ತಕದಲ್ಲಿ ‘ಶಿವವ್ವ’ ಎಂಬ ಬಗೆಯ ಒಂದಕ್ಷರದ ತಕರಾರು. ಒಂದು ಕಚೇರಿಯವರು ಬ್ಯಾಂಕಿಗೆ ಹೋಗು ಎಂದರು, ಬ್ಯಾಂಕಿನವರು ಇನ್ನೊಂದು ಕಚೇರಿಗೆ ಕಳಿಸಿದರು, ಅಲ್ಲಿ ಸರ್ವರ್ ಇರಲಿಲ್ಲ. ಅವಳು ಹೀಗೆ ಅಲೆದದ್ದು ಹನ್ನೊಂದು ಸಲ. ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ಆದ್ದರಿಂದ ಅಷ್ಟು ಸಲ ಹೋಗಲು ಸಾಧ್ಯವಾಯಿತು ಎಂದು ಅವಳೇ ನಕ್ಕಳು. ಆದರೆ ಹನ್ನೊಂದು ದಿನದ ಕೂಲಿ ಹೋಯಿತು. ಕೊನೆಗೆ ನನ್ನಲ್ಲಿ ಬಂದು ಕೇಳಿದ್ದು ಒಂದೇ ಮಾತು: ‘ಮಾಸ್ತರೇ, ಇದನ್ನು ಯಾರಿಗೆ ಕೇಳಬೇಕು?’

ನನ್ನ ಬಳಿ ಉತ್ತರ ಇರಲಿಲ್ಲ. ಹತ್ತು ವರ್ಷದ ಹಿಂದಾಗಿದ್ದರೆ ಇತ್ತು. ಆಗ ನಮ್ಮ ಭಾಗಕ್ಕೆ ಒಬ್ಬ ತಾಲ್ಲೂಕು ಪಂಚಾಯಿತಿ ಸದಸ್ಯ ಇದ್ದ. ಒಳ್ಳೆಯವನೇನೂ ಅಲ್ಲ. ರಸ್ತೆ ಕಾಮಗಾರಿಯಲ್ಲಿ ಅವನ ಪಾಲು ಎಷ್ಟು ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತ ಕುಳಿತಿರುತ್ತಿದ್ದ, ಯಾರು ಬೇಕಾದರೂ ಹೋಗಿ ಎದುರಿನ ಬೆಂಚಿನಲ್ಲಿ ಕೂತು ಬೈಯಬಹುದಿತ್ತು. ಬೈಸಿಕೊಂಡು, ಕೈ ತೊಳೆದು, ಆ ಕಾಗದ ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದ. ಹತ್ತರಲ್ಲಿ ನಾಲ್ಕು ಕೆಲಸ ಆಗುತ್ತಿದ್ದವು. ಆಗದ ಆರಕ್ಕೆ ಮರುದಿನ ಮತ್ತೆ ಬೈಯಬಹುದಿತ್ತು.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯದಾಗಿ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಸದಸ್ಯರ ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಆಡಳಿತಾಧಿಕಾರಿಗಳ ರಾಜ್ಯ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಕ್ಷೇತ್ರ ಪುನರ್ವಿಂಗಡಣೆ ಎಂದರು, ಮೀಸಲಾತಿ ಪಟ್ಟಿ ಎಂದರು, ನ್ಯಾಯಾಲಯ ಎಂದರು. ಈ ನೆಪಗಳನ್ನು ಶುರು ಮಾಡಿದಾಗ ಬಿಜೆಪಿ ಸರ್ಕಾರ ಇತ್ತು, 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಅವನ್ನೇ ಜೋಪಾನವಾಗಿ ಮುಂದುವರಿಸಿತು. ಸದನದಲ್ಲಿ ಪ್ರತಿಯೊಂದಕ್ಕೂ ಬಡಿದಾಡುವ ಇಬ್ಬರು ಇದೊಂದರಲ್ಲಿ ಎಷ್ಟು ಹೊಂದಾಣಿಕೆಯಿಂದ ಇದ್ದಾರೆ ನೋಡಿ. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು. ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ಅಧಿಕಾರವನ್ನು ವಿಧಾನಸೌಧದಿಂದ ಕೆಳಗೆ ಇಳಿಸಲು ಹೆಣಗಿದರು. ಈಗ ಅದನ್ನು ಮೇಲಕ್ಕೆ ಎಳೆದುಕೊಂಡವರಿಗೆ ಯಾವ ಗಡಿಬಿಡಿಯೂ ಇಲ್ಲ. ಕೆಳಗೆ ಇನ್ನೊಬ್ಬ ಸದಸ್ಯ ಇದ್ದರೆ ಕಾಮಗಾರಿಯಲ್ಲಿ ಅವನೂ ಪಾಲು ಕೇಳುತ್ತಾನೆ, ನಾಳೆ ಟಿಕೆಟ್ಟನ್ನೂ ಕೇಳುತ್ತಾನೆ. ಯಾವ ಪಕ್ಷದ ಶಾಸಕರಿಗೂ ಅದು ಬೇಡ. ಇದು ನನ್ನ ಊಹೆ; ತಪ್ಪಿದ್ದರೆ ಚುನಾವಣೆ ನಡೆಸಿ ಸುಳ್ಳು ಮಾಡಲಿ.

ಕೇಂದ್ರದ ದೊಡ್ಡ ಆಸ್ಪತ್ರೆ ಏಮ್ಸ್ ನಮ್ಮ ರಾಯಚೂರಿಗೆ ಬೇಕೆಂಬ ಬೇಡಿಕೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ರಾಯಚೂರಿನಲ್ಲಿ 2022ರ ಮೇ 13ರಂದು ಅನಿರ್ದಿಷ್ಟ ಧರಣಿ ಆರಂಭವಾಯಿತು, ಅದು ಸಾವಿರ ದಿನ ದಾಟಿತು. ಧರಣಿಯ ಪೆಂಡಾಲಿಗೆ ಎರಡೂ ಪಕ್ಷದ ಮುಖಂಡರು ಬಂದು ಬೆಂಬಲ ಸೂಚಿಸಿ ಹೋಗಿದ್ದಾರೆ. ರಾಜ್ಯದವರು ಪತ್ರ ಬರೆದಿದ್ದೇವೆ ಎನ್ನುತ್ತಾರೆ, ದೆಹಲಿಯ ಕಡೆ ಬೆರಳು ತೋರಿಸುತ್ತಾರೆ. ದೆಹಲಿಯ ಪಕ್ಷದವರು ಪ್ರಯತ್ನ ನಡೆದಿದೆ ಎನ್ನುತ್ತಾರೆ. ನಾವು ಕೇಳಿದ್ದ ಐಐಟಿ 2016ರಲ್ಲಿ ಧಾರವಾಡಕ್ಕೆ ಹೋದಾಗಲೂ ಇದೇ ಧಾಟಿ ಕೇಳಿದ್ದೆವು.

ಈಗ ಪಕ್ಷದವರಿಗೆ ನನ್ನದೊಂದು ಕೋರಿಕೆ. ಪ್ರಣಾಳಿಕೆ ಬೇಡ. ಪ್ರತಿ ಹೋಬಳಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿಯಿರಿ. ವಾರಕ್ಕೆ ಒಂದು ದಿನ, ಸಂತೆಯ ದಿನವೇ ಆಗಲಿ, ನಿಮ್ಮ ಪಕ್ಷದ ಒಬ್ಬ ಮನುಷ್ಯ ಅಲ್ಲಿ ಕುಳಿತಿರಲಿ. ಗೆದ್ದರೂ ಕುಳಿತಿರಲಿ, ಸೋತರೂ ಕುಳಿತಿರಲಿ. ಒಂದಕ್ಷರದ ತಕರಾರಿಗೆ ಹನ್ನೊಂದು ದಿನ ಕೂಲಿ ಕಳೆದುಕೊಂಡವಳು ಹೋಗಿ ಅವನೆದುರು ಕೂರುವಂತಿರಲಿ. ಚುನಾವಣೆಯ ಹದಿನೈದು ದಿನಕ್ಕೆ ನೀವು ಹಂಚುವ ಸೀರೆ, ಬಾಟಲಿಯ ಖರ್ಚಿನಲ್ಲಿ ಇಂಥ ಖೋಲಿಯ ಐದು ವರ್ಷದ ಬಾಡಿಗೆ ಸಲೀಸಾಗಿ ಹೊರಡುತ್ತದೆ. ಇದನ್ನು ಒಬ್ಬ ಮುಖಂಡರಿಗೆ ಎದುರಿಗೇ ಹೇಳಿದೆ. ‘ಒಳ್ಳೆಯ ಸಲಹೆ ಗುರುಗಳೇ, ಮೇಲಿನವರಿಗೆ ತಿಳಿಸುತ್ತೇನೆ’ ಎಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಕಾರು ಹತ್ತಿದರು.

ಹೋದ ವಾರ ಒಬ್ಬ ಹುಡುಗ ಮನೆಗೆ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿ, ಲೆಕ್ಕದಲ್ಲಿ ಚುರುಕು. 2018ರಲ್ಲಿ ನಾನು ಮತ ಹಾಕಲು ಹೋದಾಗ ಶಾಲೆಯ ಕೋಣೆಯಲ್ಲಿ ಒಂದು ಪಕ್ಷದ ಏಜೆಂಟನಾಗಿ ಕುಳಿತಿದ್ದ. 2021ರಲ್ಲಿ ಅದೇ ಕೋಣೆ, ಅದೇ ಗೋಡೆಯ ಬದಿ, ಇನ್ನೊಂದು ಪಕ್ಷದ ಏಜೆಂಟ್. ಅವನ ಕೈಯಲ್ಲಿದ್ದ ಮತದಾರರ ಪಟ್ಟಿಯ ಅಂಚಿನ ತುಂಬ ಪೆನ್ಸಿಲಿನ ಗುರುತುಗಳು: ಬೆಂಗಳೂರಿಗೆ ಹೋದವರಿಗೆ ‘ಬೆಂ’, ಗೋವಾಕ್ಕೆ ಹೋದವರಿಗೆ ‘ಗೋ’, ತೀರಿಕೊಂಡವರಿಗೆ ಒಂದು ಗೆರೆ. ಕೆಲವು ಹೆಸರುಗಳ ಮುಂದೆ ಅಂಕಿಗಳೂ ಇದ್ದವು. ಅವು ಏನೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಮ್ಮೂರಿನ ಇಷ್ಟು ಒಳ್ಳೆಯ ಜನಗಣತಿ ಸರ್ಕಾರದ ಬಳಿಯೂ ಇರಲಿಕ್ಕಿಲ್ಲ.

‘ಈ ಸಲ ಯಾವ ಕಡೆಯಪ್ಪ?’ ಎಂದೆ.

‘ಇನ್ನೂ ಗೊತ್ತಿಲ್ಲ ಸರ್’ ಎಂದ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. ‘ಪಟ್ಟಿ ಮಾತ್ರ ತಯಾರಿಟ್ಟುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ಈಗ ಎಷ್ಟು ಮತ?’

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ
ಮಸ್ಕಿ ತಾಲ್ಲೂಕು, ರಾಯಚೂರು ಜಿಲ್ಲೆ