ನಮ್ಮ ದೋಣಿಗೆ ಕೈಜೋಡಿಸಿದವರಿಗೆ ವಂದನೆ

ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಕಟ್ಟಿದ 12 ಅಡಿ ಉದ್ದದ ಮರದ ದೋಣಿ ಕಳೆದ ಭಾನುವಾರ ಕನ್ನಂಬಾಡಿಯ ಹಿನ್ನೀರಿಗೆ ಇಳಿಯಿತು. ದಡದಲ್ಲಿದ್ದವರೆಲ್ಲ ನನ್ನನ್ನು ಅಭಿನಂದಿಸಿದರು. ಆ ಅಭಿನಂದನೆಗೆ ನಿಜವಾಗಿ ಬಾಧ್ಯರಾದ ಹಲವರು ಅಲ್ಲಿರಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಂದನೆ ನಮ್ಮ ಬೀದಿಯ ಮರಗೆಲಸದ ಆಚಾರ್ಯರಿಗೆ. ಪ್ಲೈವುಡ್ ಶೀಟು ಸಾಮಾನ್ಯವಾಗಿ ಸಿಗುವುದು 8 ಅಡಿ ಉದ್ದಕ್ಕೆ. ದೋಣಿಯ ಪಕ್ಕೆಗೆ ಅದು ಸಾಲದು. ಎರಡು ಶೀಟುಗಳ ಅಂಚನ್ನು ಇಳಿಜಾರಾಗಿ ಕೆತ್ತಿ, ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. ಆ ಇಳಿಜಾರು ಶೀಟಿನ ದಪ್ಪದ ಎಂಟು ಪಟ್ಟು, ಅಂದರೆ 6 ಮಿ.ಮೀ. ಶೀಟಿಗೆ 48 ಮಿ.ಮೀ. ಇರಬೇಕು, ತೀರ ಗಿಡ್ಡವಾದರೆ ಪಕ್ಕೆಯನ್ನು ಬಾಗಿಸುವಾಗ ಬೆಸುಗೆ ಬಿಟ್ಟುಕೊಳ್ಳುವ ಭಯವಿರುತ್ತದೆ. ಬೀಟೆ ಮರದಲ್ಲಿ ಚಿತ್ತಾರ ಕೂರಿಸುವ ಮೈಸೂರಿನ ಕುಸುರಿ ಕೆಲಸದಲ್ಲೇ ಕೈ ಪಳಗಿದ ಅವರು ದೋಣಿಯನ್ನು ಎಂದೂ ಕಟ್ಟಿದವರಲ್ಲ. ಆದರೂ ಹತ್ತರಿ ಓಡಿದಂತೆಲ್ಲ ಅಂಚಿನಲ್ಲಿ ತೆರೆದುಕೊಳ್ಳುವ ಪ್ಲೈವುಡ್ ಪದರಗಳ ಪಟ್ಟೆ ನೇರವಾಗಿ ಬರುತ್ತಿದೆಯೇ ಎಂಬುದನ್ನಷ್ಟೇ ನೋಡುತ್ತ, ಕಾಗದದಷ್ಟು ತೆಳುವಾದ ತುದಿಯವರೆಗೂ ಎಲ್ಲೂ ಮುರಿಯದಂತೆ ಕೆತ್ತಿದರು. ಅಂಥ ಕೈಯನ್ನು ಪಕ್ಕದಲ್ಲಿ ಕುಳಿತು ನೋಡಲು ಸಿಕ್ಕಿದ್ದೇ ನನ್ನ ಭಾಗ್ಯ. ಕೂಲಿಯ ಮಾತೆತ್ತಿದಾಗಲೆಲ್ಲ "ನೀರಿಗಿಳೀಲಿ, ಆಮೇಲೆ ನೋಡೋಣ ಸ್ವಾಮಿ" ಎನ್ನುತ್ತಿದ್ದರು.

ಪಶ್ಚಿಮ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಹಡಗು ಕಟ್ಟುವ ಪದ್ಧತಿ ಶತಮಾನಗಳಷ್ಟು ಹಳೆಯದು. ನಮ್ಮ ದೋಣಿಯ ಹಲಗೆಗಳನ್ನೂ ಹೊಲಿದೇ ಜೋಡಿಸಿದೆವು, ಆದರೆ ತಾಮ್ರದ ತಂತಿಯ ಆ ಹೊಲಿಗೆ ಎಪಾಕ್ಸಿ ಎಂಬ ಅಂಟು ಗಟ್ಟಿಯಾಗುವವರೆಗೆ ಮಾತ್ರ ಇತ್ತು. ಒಳಗೊಬ್ಬರು ಹೊರಗೊಬ್ಬರು ಕುಳಿತು ತಂತಿ ದಾಟಿಸುವ ಆ ಕೆಲಸದಲ್ಲಿ ನನ್ನ ಮಡದಿ ಮತ್ತು ಅತ್ತಿಗೆ ತೋರಿದ ತಾಳ್ಮೆಗೆ ನಾನು ಋಣಿ.

ಪಕ್ಕದ ಮನೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಎಪಾಕ್ಸಿಯ ಗುಣವನ್ನು ತಿಳಿಸಿಕೊಟ್ಟರು. ಗಟ್ಟಿಯಾಗಲೆಂದು ಹಾರ್ಡನರ್ ದ್ರವ ಬೆರೆಸಿದ ಅಂಟು ತನ್ನಿಂದ ತಾನೇ ಬಿಸಿಯೇರುವುದರಿಂದ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಬೇಕು, ಲೋಟದಲ್ಲಿ ಇಡದೆ ಅಗಲವಾದ ತಟ್ಟೆಗೆ ಸುರಿದುಕೊಳ್ಳಬೇಕು. ಮಳೆಗಾಲದ ತೇವದಲ್ಲಿ ಮೇಲೆ ಕಟ್ಟುವ ಜಿಡ್ಡಿನ ಪೊರೆಯನ್ನು ನೀರಿನಿಂದ ತೊಳೆದ ನಂತರವೇ ಮುಂದಿನ ಲೇಪ ಹಚ್ಚಬೇಕು. ಈ ಮಾತುಗಳು ನಮ್ಮ ದೋಣಿಯನ್ನು ಕಾಪಾಡಿದವು.

ಮಂಡ್ಯದ ದೊಡ್ಡಪ್ಪನವರು ತಮ್ಮ ಹಳೆಯ ತೊಟ್ಟಿಮನೆಯ ತೇಗದ ತೊಲೆಯನ್ನು ಅಂಚುಪಟ್ಟಿಗಾಗಿ ಕೊಟ್ಟರು. ಉಪ್ಪುಕಾಗದದ ಧೂಳನ್ನೂ ಯಂತ್ರದ ಸದ್ದನ್ನೂ ಸಹಿಸಿಕೊಂಡ ಅಕ್ಕಪಕ್ಕದ ಮನೆಯವರಿಗೆ ನಮಸ್ಕಾರ.

ಹಿನ್ನೀರಿನ ಮೀನುಗಾರ ಹಿರಿಯರೊಬ್ಬರು ಗಂಗಮ್ಮನಿಗೆ ಪೂಜೆ ಮಾಡಿಸಿ, ಭಾರ ಎಲ್ಲಿ ಕೂತರೆ ಮೂತಿ ಏಳುವುದಿಲ್ಲವೆಂದು ತೋರಿಸಿ, ಲೈಫ್ ಜಾಕೆಟ್ ತೊಟ್ಟ ನಮ್ಮ ಪಕ್ಕದಲ್ಲೇ ತಮ್ಮ ಹರಿಗೋಲನ್ನು ಹಾಕುತ್ತ ದಡ ಸೇರುವವರೆಗೂ ಜೊತೆಗಿದ್ದರು. ಅವರಿಗೆ ಹೇಗೆ ವಂದಿಸಿದರೂ ಕಡಿಮೆಯೇ.

ಆಚಾರ್ಯರ ಕೂಲಿಯನ್ನು ಈ ವಾರ ತಲುಪಿಸುತ್ತೇನೆ. ಪಕ್ಕೆಗಳನ್ನು ಕತ್ತರಿಸಲು ಮಾಡಿಕೊಂಡ ಅಚ್ಚುಗಳೂ ಮರ ಬಿಗಿಯುವ ಕ್ಲಾಂಪುಗಳೂ ನಮ್ಮ ಮನೆಯಲ್ಲಿಯೇ ಇವೆ. ದೋಣಿ ಕಟ್ಟಬಯಸುವವರು ಯಾರಾದರೂ ಬಂದು ಒಯ್ಯಬಹುದು, ಅಂಟು ಹಚ್ಚುವ ದಿನ ನಾನೂ ಬರುತ್ತೇನೆ.